ಸೊಂಟದೆತ್ತರದ ಪಾತಿ

ಮೊದಲು ಕಾಲ್ಬೆರಳುಗಳಿಗೆ ಜೋಮು ಹಿಡಿಯಿತು. ಆಮೇಲೆ ತಣ್ಣಗಾದವು. ಆಮೇಲೆ ಬಣ್ಣ ತಿರುಗಿತು.

ಅಟ್ಟದಿಂದ ಹುರುಳಿ ಇಳಿಸುವಾಗ ಏಣಿ ಜಾರಿ ನನ್ನ ಬಲಗಾಲು ಮುರಿದಿತ್ತು. ಶಾಗ್ಯದ ಕಡೆಯಿಂದ ಮೂಳೆ ಕಟ್ಟುವವನನ್ನು ಕರೆಸಿದರು. ಅವನು ಬಿದಿರಿನ ದಬ್ಬೆ ಇಟ್ಟು ಬಿಗಿಯಾಗಿ ಸುತ್ತಿ, ತಾನು ಬರುವ ತನಕ ಯಾರೂ ಬಿಚ್ಚಕೂಡದು ಅಂತ ಹೇಳಿ ಹೋದ.

"ಅತ್ತೆಮ್ಮ, ಬೆಳ್ಳೆಲ್ಲ ಕಪ್ಪಾಗವೆ. ಒಸಿ ಸಡ್ಲ ಮಾಡಿ" ಅಂತ ಅತ್ತೆಯನ್ನು ಬೇಡಿಕೊಂಡೆ.

"ಮೂಳೆ ಕೂಡ್ಕಳಾಗ ನೋಯ್ದೆ ಇದ್ದದಾ? ಬಿಚ್ಚುದ್ರೆ ಸೊಟ್ಟಾಯ್ತದೆ. ಸುಮ್ಕಿರು" ಅಂದರು.

ಸೊಟ್ಟಾದರೆ ಊರವರು ಕುಂಟಿ ಅಂತಾರಲ್ಲ, ಅದು ಅವರ ಭಯ. ಆಹಾ, ಎಂಥ ಮುಂದಾಲೋಚನೆ!

ವಾಸನೆ ಬಂದ ಮೇಲೆ ಗಾಡಿ ಕಟ್ಟಿದರು. ಕೊಳ್ಳೇಗಾಲದ ಆಸ್ಪತ್ರೆಯಲ್ಲಿ ಡಾಕ್ಟರು ದಬ್ಬೆ ಬಿಚ್ಚಿ ನೋಡಿದರು. "ಗ್ಯಾಂಗ್ರೀನ್ ಆಗಿದೆ. ಆಪರೇಷನ್ ಮಾಡಿ ತೆಗೀಬೇಕು, ಇಲ್ಲದಿದ್ದರೆ ಜೀವ ಉಳಿಯಲ್ಲ." ನನ್ನ ಗಂಡ ಅವರವ್ವನ ಮುಖ ನೋಡಿದರು. ಅತ್ತೆ ತಲೆಯಾಡಿಸಿದರು.

ಕ್ಲೋರೋಫಾರ್ಮಿನಿಂದ ಎಚ್ಚರವಾದಾಗ ಮಂಡಿಯೇ ಇರಲಿಲ್ಲ.

ಇಲ್ಲದ ಬೆರಳುಗಳು ಈಗಲೂ ಉರಿಯುತ್ತವೆ. ಡ್ರೆಸಿಂಗ್ ಮಾಡುವ ನರ್ಸಮ್ಮ, ಎಲ್ಲರಿಗೂ ಹಾಗೇ ಆಗುತ್ತೆ ಅಂದಿದ್ದರು. ಮನೆಯಲ್ಲಿ ಹೇಳಿದರೆ ಅತ್ತೆ ದೃಷ್ಟಿ ತೆಗೆದರು. ಆಮೇಲೆ ನಾನು ಬಾಯಿ ಮುಚ್ಚಿಕೊಂಡೆ.

ನಮ್ಮ ಮಾಂಬಳ್ಳಿಯಲ್ಲಿ ಹೆಂಗಸಿನ ಬದುಕೆಲ್ಲ ನೆಲದ ಮೇಲೆಯೇ. ಒಲೆ ನೆಲದಲ್ಲಿ, ಒರಳು ನೆಲದಲ್ಲಿ, ಈಳಿಗೆಮಣೆ ನೆಲದಲ್ಲಿ. ಕುಕ್ಕರಗಾಲಲ್ಲಿ ಕೂತು ಎದ್ದು ಮಾಡಬೇಕು. ನಾನು ಕೂತರೆ ಎತ್ತುವುದಕ್ಕೆ ಜನ ಬೇಕು. ಮಕ್ಕಳಿನ್ನೂ ಆಗಿರಲಿಲ್ಲ. ಒಂದು ಮುದ್ದೆ ತಿರುವಲಾಗದ ಸೊಸೆಯನ್ನು ಇಟ್ಟುಕೊಳ್ಳುತ್ತಾರೋ ತವರಿಗೆ ಅಟ್ಟುತ್ತಾರೋ ಅನ್ನುವ ಭಯ ಗಾಯಕ್ಕಿಂತ ಹೆಚ್ಚು ಕೊರೆಯುತ್ತಿತ್ತು. ತವರಲ್ಲಿದ್ದವನು ಅಣ್ಣ ಒಬ್ಬ. ಅವನು ನೋಡಿಕೊಂಡು ಹೋಗಲೂ ಬಂದಿರಲಿಲ್ಲ.

ಮಾವನಿಗೆ ಮಾತ್ರ ಕನಿಕರ ಹುಟ್ಟಿತು. "ನೀನು ಬಗ್ಗಕಾಗ್ದಿದ್ರೆ ಏನವ್ವ, ನೆಲ್ವೇ ಮೇಲಕ್ಕೆ ತಂದ್ರಾಯ್ತು" ಅಂದರು. ಹಿತ್ತಿಲ ಗೋಡೆಗೆ ಆನಿಸಿ ನನ್ನ ಸೊಂಟದೆತ್ತರಕ್ಕೆ ಕಲ್ಲು ಜೋಡಿಸಿ, ಕೆರೆಯ ಗೋಡುಮಣ್ಣು, ತಿಪ್ಪೆಗೊಬ್ಬರ ತುಂಬಿ ಪಾತಿ ಮಾಡಿಕೊಟ್ಟರು. ಪಕ್ಕದ ಕಟ್ಟೆಯ ಮೇಲೆ ಬಾಯೊಡೆದ ಹರವಿಗಳಿಗೆ ಮಣ್ಣು ತುಂಬಿ ಸಾಲಾಗಿಟ್ಟರು. ಕಂಕುಳಿಗೆ ಊರುಗೋಲು ಕೊಟ್ಟು ನಿಂತರೆ ಎಲ್ಲವೂ ಕೈಗೆ ಸಿಗುತ್ತಿತ್ತು. ಪಾತಿಯಲ್ಲಿ ಬದನೆ, ದಂಟು. ಹರವಿಗಳಲ್ಲಿ ಕೊತ್ತಂಬರಿ, ಮೆಣಸಿನಗಿಡ. ಬದನೆ ಹೂ ಬಿಟ್ಟ ದಿನ ಒಬ್ಬಳೇ ನಿಂತು ನಕ್ಕೆ. ನನ್ನ ಸೊಪ್ಪಿನ ಸಾರು ಉಣ್ಣುವಾಗ ಅತ್ತೆ ಏನೂ ಅನ್ನಲಿಲ್ಲ. ಅವರು ಏನೂ ಅನ್ನದಿರುವುದೇ ನನಗೆ ಹಬ್ಬ.

ಒಂದು ಬೆಳಿಗ್ಗೆ ಅತ್ತೆಯೇ ಪಾತಿಯ ಹತ್ತಿರ ಬಂದರು.

"ಒನ್ನೂರಿಂದ ನೆಂಟ್ರು ಬತ್ತಾವ್ರೆ. ಎಣ್ಗಾಯಿ ಮಾಡ್ಬೇಕು. ಎಳೇವು ನೋಡಿ ಕಿತ್ಕೊಡವ್ವ."

ಅವ್ವ! ಆ ಬಾಯಲ್ಲಿ ಆ ಮಾತು ಕೇಳಿ ಎಷ್ಟು ಕಾಲವಾಗಿತ್ತು. ಹುಳುಕಿಲ್ಲದವನ್ನೇ ಆರಿಸಿ ಅವರ ಮಡಿಲು ತುಂಬಿಸಿದೆ. ಕೇಳದಿದ್ದರೂ ಕೊತ್ತಂಬರಿ ಕಿತ್ತುಕೊಟ್ಟೆ. ಇನ್ನು ನನ್ನನ್ನು ಯಾರೂ ಕಳಿಸುವುದಿಲ್ಲ ಅಂದುಕೊಂಡೆ.

ನೆಂಟರು ಉಂಡರು. ಎಣ್ಣೆಗಾಯಿ ಬಲು ರುಚಿ ಅಂತ ಮತ್ತೆ ಮತ್ತೆ ಹಾಕಿಸಿಕೊಂಡರು. ಹಿತ್ತಿಲ ಬಾಗಿಲ ಹಿಂದೆ ನಿಂತು ಕೇಳಿ ಹಿಗ್ಗಿದೆ. ಎಲೆ ಎತ್ತಿದ ಮೇಲೆ ಅವರಲ್ಲಿ ಹಿರಿಯರೊಬ್ಬರು ಅಂದರು, "ಅನ್ನ ಉಂಡಾಯ್ತು, ಇನ್ನೇನದೆ? ನಮ್ ಮಗೀನ ನಿಮ್ಮನೆ ತುಂಬುಸ್ಕಳಿ."

ಗಂಡು ನನ್ನ ಗಂಡ.

ನಮ್ಮಲ್ಲಿ ಹೆಣ್ಣು ಕೊಡುವವರು ಮಾತು ಕುದುರದೆ ಗಂಡಿನ ಮನೆಯಲ್ಲಿ ಅನ್ನ ಮುಟ್ಟುವುದಿಲ್ಲ. ಉಂಡರೆಂದರೆ ಒಪ್ಪಿದರು ಅಂತಲೇ. ಆ ಒಪ್ಪಿಗೆಯ ಊಟಕ್ಕೆ ನಾನೇ ಎಳೆಯ ಕಾಯಿ ಆರಿಸಿ ಕೊಟ್ಟಿದ್ದೆ.

"ಮೊದ್ಲುನವ್ಳು?" ಅಂತ ಒಬ್ಬ ಹೆಂಗಸು ಕೇಳಿದಳು.

"ಇರ್ತಾಳೆ ಇತ್ಲಲ್ಲಿ, ಗಿಡ ನೋಡ್ಕಂಡು. ತಿಂದ ಕೂಳ್ಗೆ ಅಷ್ಟಾದ್ರೂ ಮಾಡ್ಲಿ" ಅಂದರು ಅತ್ತೆ. ಮಾವ ತಲೆ ತಗ್ಗಿಸಿ ಕೂತಿದ್ದರು.

ಆಮೇಲೆ ನನ್ನ ಗಂಡನನ್ನು ಕೇಳಿದೆ. "ಅವ್ವ ಏಳುದ್ಲು" ಅಂದರು. ಅಷ್ಟೇ. ಹೊಟ್ಟೆಯುರಿಗೆ ಗಿಡಗಳನ್ನೆಲ್ಲ ಕಿತ್ತುಹಾಕುತ್ತೇನೆ ಅಂತ ಪಾತಿಗೆ ಕೈ ಹಾಕಿದೆ. ಒಂದು ಕಿತ್ತೆ. ಬೇರಿನ ತುಂಬ ಮಣ್ಣು ಕಚ್ಚಿಕೊಂಡಿತ್ತು. ಅಯ್ಯೋ ಅನ್ನಿಸಿ ಮತ್ತೆ ನೆಟ್ಟು ನೀರು ಹಾಕಿದೆ. ಅದು ಉಳಿಯಲಿಲ್ಲ.

ಹೊಸಬಳು ಬಂದು ಕೆಲವೇ ದಿನಗಳಾಗಿವೆ. ಗೌರ ಅಂತ. ಇನ್ನೂ ಹುಡುಗಿ. ಅವಳಿಗೆಂದೇ ಬೈಗುಳ ಕೂಡಿಟ್ಟುಕೊಂಡಿದ್ದೆ. ನಿನ್ನೆ ಹಿತ್ತಿಲಿಗೆ ಬಂದವಳು ದೂರದಲ್ಲೇ ನಿಂತಳು.

"ಅಕ್ಕ, ಒಂದ್ ನಾಕು ಬದ್ನೆಕಾಯಿ ಕಿತ್ಕಳ್ಳಲಾ?"

ಕಾಲು ಕೊಯ್ಯುವಾಗ ನನ್ನನ್ನು ಯಾರೂ ಕೇಳಲಿಲ್ಲ. ಸವತಿಯನ್ನು ತರುವಾಗಲೂ ಕೇಳಲಿಲ್ಲ. ಈ ಮನೆಯಲ್ಲಿ ನನ್ನ ಅಪ್ಪಣೆ ಕೇಳಿದವಳು ಇವಳೊಬ್ಬಳು, ಅದೂ ನಾಲ್ಕು ಬದನೆಕಾಯಿಗೆ.

"ತೊಟ್ನಲ್ಲಿ ಮುಳ್ಳದೆ, ನೋಡ್ಕಂಡು ಕಿತ್ಕೊ" ಅಂದೆ.

ಅವಳು ಕುಳ್ಳಿ. ಪಾತಿ ಅವಳ ಎದೆಗೆ ಬರುತ್ತಿತ್ತು. ತುದಿಗಾಲಲ್ಲಿ ನಿಂತು ಕೈ ಚಾಚಿದರೂ ಗೋಡೆ ಬದಿಯ ಗಿಡ ಎಟುಕಲಿಲ್ಲ. ಊರುಗೋಲು ಊರಿ ಹೋಗಿ ನಾನೇ ಕಿತ್ತುಕೊಟ್ಟೆ.