ಜಾನೆಟ್ ಹೆತ್ತ ಆರು ಮಕ್ಕಳು

2003ರಲ್ಲಿ ನಾನು ಚೆನ್ನೈನ ಶೋಳಿಂಗನಲ್ಲೂರಿನಲ್ಲಿದ್ದ ಒಂದು ಡೇಟಾ ಕಂಪನಿಯಲ್ಲಿ ಆರ್ಬಿಟ್ರೇಟರ್ ಆಗಿದ್ದೆ. ಹೆಸರು ಕೇಳಿದವರು ಕೋರ್ಟಿನ ಕೆಲಸವೆಂದುಕೊಳ್ಳುತ್ತಿದ್ದರು. ಅಂಥದ್ದೇನೂ ಅಲ್ಲ. ಅಮೆರಿಕದ ಹಳೆಯ ಜನಗಣತಿ ಪುಟಗಳ ಫೋಟೋಗಳು ನಮ್ಮ ಕಂಪ್ಯೂಟರಿಗೆ ಬರುತ್ತಿದ್ದವು. ಒಂದೇ ಪುಟವನ್ನು ಇಬ್ಬರು, ಒಬ್ಬರದ್ದು ಇನ್ನೊಬ್ಬರಿಗೆ ಕಾಣದಂತೆ, ಟೈಪ್ ಮಾಡುತ್ತಿದ್ದರು. ಇಬ್ಬರದ್ದೂ ಹೊಂದದ ಕಡೆ ಮೂರನೆಯವಳಾದ ನಾನು ಮೂಲ ಪುಟವನ್ನು ದೊಡ್ಡದು ಮಾಡಿ ನೋಡಿ, ಇದು ಸರಿ, ಅದು ತಪ್ಪು ಎಂದು ತೀರ್ಮಾನಿಸಬೇಕಿತ್ತು. ನೂರೈವತ್ತು ವರ್ಷದ ಹಿಂದೆ ಯಾರೋ ಗುಮಾಸ್ತ ಕುದುರೆ ಹತ್ತಿ ಮನೆಮನೆಗೆ ಹೋಗಿ, ಮಸಿಯಲ್ಲಿ ಅದ್ದಿದ ಪೆನ್ನಿನಿಂದ ಗೀಚಿಕೊಂಡದ್ದನ್ನು ನಾವು ಏಸಿ ಕೋಣೆಯಲ್ಲಿ ಸ್ವೆಟರ್ ಹಾಕಿಕೊಂಡು ಓದುತ್ತಿದ್ದೆವು.

ಮೈಸೂರಿನಿಂದ ನಾವು ಚೆನ್ನೈಗೆ ಬಂದದ್ದು ಯಜಮಾನರ ವರ್ಗಾವಣೆಯಿಂದ. ಮನೆ ಪೋರೂರಿನಲ್ಲಿ. ಬೆಳಿಗ್ಗೆ ಆಫೀಸಿನ ವ್ಯಾನು ಹತ್ತಿದರೆ ಇಳಿಯುವಷ್ಟರಲ್ಲಿ ಒಂದು ನಿದ್ದೆ ಮುಗಿಯುತ್ತಿತ್ತು. ನಮ್ಮತ್ತೆ ಅಕ್ಕಪಕ್ಕದವರಿಗೆ ನನ್ನ ಉದ್ಯೋಗವನ್ನು ಒಂದೇ ಮಾತಿನಲ್ಲಿ ವಿವರಿಸುತ್ತಿದ್ದರು: "ಸತ್ತಿರೋ ಬಿಳಿಯರ ತಲೆ ಎಣಿಸೋಕೆ ಹೋಗ್ತಾಳೆ."

ಟೈಪಿಂಗ್ ಅಲ್ಲದೆ ನಮಗೆ ಇನ್ನೊಂದು ಕೆಲಸವೂ ಇತ್ತು. ಅದಕ್ಕೆ ಲಿಂಕಿಂಗ್ ಎನ್ನುತ್ತಿದ್ದೆವು. ಅಮೆರಿಕದಲ್ಲಿ ಗಣತಿ ಹತ್ತು ವರ್ಷಕ್ಕೊಮ್ಮೆ. ತನ್ನ ಮುತ್ತಜ್ಜನ ಮನೆಯನ್ನು ಹುಡುಕುವ ಗ್ರಾಹಕರಿಗೆ, 1850ರ ಪುಟದಲ್ಲಿರುವ ಇಂಥ ಮನೆಯೇ 1860ರ ಪುಟದ ಇಂಥ ಮನೆ ಎಂದು ಹೊಂದಿಸಿ ತೋರಿಸಬೇಕು. ಹೆಸರು, ವಯಸ್ಸು, ಕಸುಬು, ಹುಟ್ಟಿದ ದೇಶ, ಇವು ನಾಲ್ಕೂ ಕೂಡಿಬಂದರೆ ಲಿಂಕ್. ಇಲ್ಲವಾದರೆ ಬೇರೆ ಮನೆ.

ಆ ವರ್ಷ ನಮಗೆ ಬಂದ ಒಂದು ಕೇಸು ಎಲೆನ್ ಎಂಬವರದ್ದು. ಎಪ್ಪತ್ತು ದಾಟಿದ ಹೆಂಗಸು, ನಿವೃತ್ತ ಟೀಚರ್. ಅವರ ಅಜ್ಜಿಯ ತಾಯಿ ಜಾನೆಟ್ ಎಂಬಾಕೆ ಸ್ಕಾಟ್ಲೆಂಡಿನಿಂದ ಗಂಡ ಆಂಡ್ರೂ ಲೋಗನ್ ಜೊತೆ ಹಡಗು ಹತ್ತಿ ಪೆನ್ಸಿಲ್ವೇನಿಯಾದ ಕಲ್ಲಿದ್ದಲ ಗಣಿ ಊರಿಗೆ ಬಂದವರು. ಆಕೆಯ ಸಮಾಧಿಯ ಕಲ್ಲು ಒಂದು ಚಳಿಗಾಲದಲ್ಲಿ ಸೀಳಿಹೋಗಿತ್ತು. ಹಳೆಯ ಕಲ್ಲಿನ ಮೇಲೆ ಇದ್ದದ್ದು 'ಆಂಡ್ರೂ ಲೋಗನ್‌ರ ಹೆಂಡತಿ ಜಾನೆಟ್' ಎಂದಷ್ಟೇ. ಹೊಸ ಕಲ್ಲಿನ ಮೇಲೆ ಆಕೆಯ ತೌರಿನ ಹೆಸರು, ತಂದೆತಾಯಿಯರ ಹೆಸರು ಕೆತ್ತಿಸಬೇಕು, ಬೇಸಿಗೆಯಲ್ಲಿ ಬಳಗವೆಲ್ಲ ಸೇರಿದಾಗ ನಿಲ್ಲಿಸಬೇಕು ಎನ್ನುವುದು ಎಲೆನ್ ಅವರ ಆಸೆ. ಆದರೆ ತೌರು ಯಾವುದು? ಮದುವೆಯ ದಾಖಲೆ ಇದ್ದ ಚರ್ಚಿನ ಪುಸ್ತಕ ತೇವಕ್ಕೆ ಹಾಳಾಗಿತ್ತು. ಅದೇ ವಯಸ್ಸಿನ ಇಬ್ಬರು ಜಾನೆಟ್‌ಗಳು ಸ್ಕಾಟ್ಲೆಂಡಿನ ಅಕ್ಕಪಕ್ಕದ ಎರಡು ಊರುಗಳಲ್ಲಿ ಸಿಕ್ಕಿದ್ದರು. ಒಬ್ಬಳು ಜಾನೆಟ್ ಕ್ರೇಗ್, ವಿಲಿಯಂ ಮತ್ತು ಮಾರ್ಗರೆಟ್ ದಂಪತಿಯ ಮಗಳು. ಇನ್ನೊಬ್ಬಳು ಜಾನೆಟ್ ಬೇರ್ಡ್, ವಿಲಿಯಂ ಮತ್ತು ಆಗ್ನೆಸ್ ದಂಪತಿಯ ಮಗಳು.

ಇಂಥ ಕಡೆ ಸಹಾಯಕ್ಕೆ ಬರುವುದು ಹೆಸರಿಡುವ ಪದ್ಧತಿ. ಆ ಕಾಲದ ಸ್ಕಾಟ್ ಕುಟುಂಬಗಳಲ್ಲಿ ಹಿರಿಯ ಮಗನಿಗೆ ತಂದೆಯ ತಂದೆಯ ಹೆಸರು, ಎರಡನೆಯವನಿಗೆ ತಾಯಿಯ ತಂದೆಯ ಹೆಸರು. ಹಿರಿಯ ಮಗಳಿಗೆ ತಾಯಿಯ ತಾಯಿಯ ಹೆಸರು, ಎರಡನೆಯವಳಿಗೆ ತಂದೆಯ ತಾಯಿಯ ಹೆಸರು ಇಡುವ ರೂಢಿ ಇತ್ತು. ಇದನ್ನು ಟ್ರೇನಿಂಗಿನಲ್ಲಿ ಕೇಳಿದಾಗ ನನಗೆ ನಗು ಬಂದಿತ್ತು. ನಮ್ಮ ಮನೆಯಲ್ಲೂ ಹಿರಿಮಗನಿಗೆ ಮಾವನವರ ಹೆಸರೇ. ಗಂಡನ ಹೆಸರನ್ನು ಅತ್ತೆ ಹೇಳುವಂತಿಲ್ಲ, ಮಾವನ ಹೆಸರನ್ನು ನಾನು ಕೂಗುವಂತಿಲ್ಲ. ಹಾಗಾಗಿ ಅವನು ಶಾಲೆಯ ಹಾಜರಿಯಲ್ಲಿ ಮಾತ್ರ ನಂಜುಂಡಯ್ಯ, ಮನೆಯಲ್ಲಿ ಅಪ್ಪು.

1860ರ ಪುಟದಲ್ಲಿ ಲೋಗನ್ ಮನೆ ನಿಚ್ಚಳವಾಗಿತ್ತು. ಜೇಮ್ಸ್ 13, ವಿಲಿಯಂ 9, ಮಾರ್ಗರೆಟ್ 8, ಆಗ್ನೆಸ್ 5, ಆಂಡ್ರೂ 2. ಹಿರಿಯ ಮಗಳು ಮಾರ್ಗರೆಟ್. ಹಾಗಾದರೆ ಜಾನೆಟ್‌ಳ ತಾಯಿ ಮಾರ್ಗರೆಟ್; ತೌರು ಕ್ರೇಗ್ ಮನೆ. ನಮ್ಮ ತಂಡದ ಸೆಲ್ವಿ ಹೀಗೆಂದು ವರದಿ ಬರೆದಳು. ಮ್ಯಾನೇಜರ್ ರಾಜಗೋಪಾಲ್ ಕಳಿಸಿದರು. ಎಲೆನ್ ಸಂತೋಷಪಟ್ಟು, ಕಲ್ಲುಕುಟಿಗನಿಗೆ ಹೇಳುತ್ತೇನೆ ಎಂದು ಉತ್ತರ ಬರೆದರು.

ಕೇಸು ಮುಚ್ಚುವ ಮುನ್ನ ತಳ್ಳಿಹಾಕಿದ ಪುಟಗಳನ್ನೂ ಒಮ್ಮೆ ನೋಡುವುದು ನನ್ನ ಪಾಲಿನ ಕೆಲಸ. ಅವುಗಳಲ್ಲಿ 1850ರ ಒಂದು ಮನೆ ಇತ್ತು. ಅದೇ ಗಣಿ ಊರು. ಗಂಡ ಆಂಡ್ರೂ ಲೋಗನ್, ಗಣಿ ಕೆಲಸ. ಹೆಂಡತಿ ಜಾನೆಟ್. ಮಗ ಜೇಮ್ಸ್ 3, ಮಗಳು ಆಗ್ನೆಸ್ 1. ಎಲ್ಲರೂ ಸ್ಕಾಟ್ಲೆಂಡಿನಲ್ಲಿ ಹುಟ್ಟಿದವರು.

"ಇದನ್ನ ಯಾಕೆ ಬಿಟ್ಟೆ?" ಎಂದು ಸೆಲ್ವಿಯನ್ನು ಕೇಳಿದೆ.

"ಅಕ್ಕಾ, ಆಗ್ನೆಸ್ ನೋಡುಂಗ. ಆಗ ಒಂದು ವರ್ಷ ಅಂದ್ರೆ 1860ಕ್ಕೆ ಹನ್ನೊಂದು ಆಗ್ಬೇಕಲ್ಲ? ಇಲ್ಲಿ ಐದು." ನನ್ನ ಜೊತೆ ಅವಳು ಕನ್ನಡಕ್ಕೆ ತಮಿಳಿನ ಬಾಲ ಸೇರಿಸಿ ಮಾತಾಡುತ್ತಿದ್ದಳು. "ಅಲ್ಲಿ ಲೋಗನ್‌ಗಳು ಬೇಕಾದಷ್ಟು ಜನ. ಇದು ಬೇರೆ ಮನೆ ಅಕ್ಕಾ."

ಲೆಕ್ಕ ಸರಿಯಾಗಿಯೇ ಇತ್ತು. ನಾನೂ ತಲೆಯಾಡಿಸಿದೆ. ಆದರೂ ವ್ಯಾನಿನಲ್ಲಿ ಅಂದು ನಿದ್ದೆ ಹತ್ತಲಿಲ್ಲ. ಜೇಮ್ಸ್‌ನ ವಯಸ್ಸು ಅಷ್ಟು ಸರಿಯಾಗಿ ಕೂಡಿಬಂದು, ಅಪ್ಪ ಅಮ್ಮ ಕೂಡಿಬಂದು, ಒಂದು ಹೆಣ್ಣುಮಗು ಮಾತ್ರ ಆರು ವರ್ಷ ಕಿರಿಯಳಾಗುವುದು ಹೇಗೆ?

ಮನೆಗೆ ಬಂದಾಗ ಅತ್ತೆ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದರು. ನಾನೂ ಎದುರಿಗೆ ಕೂತು ಒಂದು ಕಟ್ಟು ತೆಗೆದುಕೊಂಡೆ. ಬೇರೆಯವರ ಮನೆ ವಿಷಯ ಎಂದರೆ ಅವರಿಗೆ ಕಿವಿ ಚುರುಕು. ಆ ಮನೆ ಅಮೆರಿಕದಲ್ಲಿದ್ದರೂ ಸರಿ. ನಾನು ಹೇಳಿದ್ದನ್ನೆಲ್ಲ ಕೇಳಿ, "ಮೊದಲನೇದು ಹೋಗಿರ್ಬೇಕು, ಪಾಪ" ಎಂದರು.

"ಹೋಗಿದ್ರೆ ಇನ್ನೊಂದು ಆಗ್ನೆಸ್ ಎಲ್ಲಿಂದ ಬಂತು ಅತ್ತೆ?"

"ಅದೇ ಮತ್ತೆ! ಹೋದ ಮಗೂ ಹೆಸರನ್ನ ಹೆತ್ತೋರು ಯಾರಾದ್ರೂ ಮತ್ತೆ ಇಡ್ತಾರೇನೆ? ಬಿಡ್ತು ಅನ್ನು. ನಮ್ಮಮ್ಮಂಗೆ ಜಾನಕಿ ಅಂತ ಒಂದಾಗಿ ಹೋಯ್ತು. ಆಮೇಲೆ ಹುಟ್ಟಿದ್ದನ್ನ ತಿಪ್ಪೆ ಮೇಲೆ ಮಲಗಿಸಿ, ಎತ್ಕೊಂಡು ಬಂದು ತಿಪ್ಪಮ್ಮ ಅಂತ ಇಟ್ರು. ಯಮ ಕೂಡ ಮೂಸಿ ನೋಡ್ಬಾರ್ದು, ಅಂಥ ಹೆಸರು! ಜಾನಕಿ ಅನ್ನೋ ಹೆಸರು ನಮ್ಮ ವಂಶದಲ್ಲೇ ಮತ್ತೆ ಯಾರೂ ಎತ್ತಲಿಲ್ಲ."

ಪಕ್ಕದಲ್ಲಿ ಹೋಂವರ್ಕ್ ಮಾಡುತ್ತಿದ್ದ ಅಪ್ಪು "ಪಾಟಿ, ಯಮನ್‌ಕ್ಕು ಅಡ್ರೆಸ್ ತೆರಿಯಾದಾ?" ಎಂದ. ಯಮನಿಗೆ ವಿಳಾಸ ಗೊತ್ತಿರಲ್ವಾ ಎಂದು ಅವನ ಅನುಮಾನ. "ಅಜ್ಜಿ ಅನ್ನು, ಪಾಟಿ ಅಲ್ಲ" ಎಂದು ಅತ್ತೆ ಮೆಂತ್ಯದ ಕಡ್ಡಿಯಲ್ಲೇ ಅವನಿಗೊಂದು ಕೊಟ್ಟರು.

ನನ್ನ ಕೈ ನಿಂತಿತ್ತು. 'ಹೋದ ಮಗುವಿನ ಹೆಸರನ್ನು ಯಾರಾದರೂ ಮತ್ತೆ ಇಡುತ್ತಾರೆಯೇ' ಎಂದು ಅತ್ತೆ ಬಾಯಿಬಿಟ್ಟು ಕೇಳಿದರು. ನಾವು ಆಫೀಸಿನಲ್ಲಿ ಕೇಳಿಕೊಳ್ಳದೆಯೇ ಒಪ್ಪಿಬಿಟ್ಟಿದ್ದೆವು. ನಮ್ಮ ಕೋಣೆಯಲ್ಲಿ ತಮಿಳರು, ತೆಲುಗರು, ನಾನೊಬ್ಬಳು ಕನ್ನಡದವಳು; ಆ ವಿಷಯದಲ್ಲಿ ಎಲ್ಲರ ಮನೆಯೂ ಒಂದೇ. ಅದಕ್ಕೇ ಆಗ್ನೆಸ್ ಎಂದ ಕೂಡಲೇ ಒಬ್ಬಳೇ ಆಗ್ನೆಸ್ ಎಂದುಕೊಂಡು, ವಯಸ್ಸು ಹೊಂದದಿದ್ದಾಗ ಇಡೀ ಮನೆಯನ್ನೇ ಆಚೆ ಹಾಕಿದ್ದೆವು. ಇಡುವವರೂ ಇದ್ದರೆ?

ಮರುದಿನ ಸೆಲ್ವಿಗೆ ಹೇಳಿದೆ. "ಅಯ್ಯೋ ಅಕ್ಕಾ, ಸೆತ್ತುಪೋನ ಕೊಳಂದೆ ಪೇರಾ?" ಎಂದು ಎದೆ ಮುಟ್ಟಿಕೊಂಡಳು. ಸತ್ತ ಮಗುವಿನ ಹೆಸರೇ ಎಂದು ಅವಳ ದಿಗಿಲು. ಆದರೂ ಹುಡುಕಲು ಅವಳೇ ಮೊದಲು ಕೂತಳು. ಅದೇ ಊರಿನ ಬೇರೆ ಸ್ಕಾಟ್ ಮನೆಗಳನ್ನು ತೆಗೆದು, ಸಮಾಧಿ ಕಲ್ಲುಗಳ ಪಟ್ಟಿಯೊಂದಿಗೆ ಇಟ್ಟು ನೋಡಿದೆವು. ಮಧ್ಯಾಹ್ನ ನನ್ನ ಪುಳಿಯೋಗರೆ ಡಬ್ಬಿ ತೆರೆಯುವ ಹೊತ್ತಿಗೆ ಅವಳು ಕುರ್ಚಿಯನ್ನು ಜಾರಿಸಿಕೊಂಡೇ ಬಂದಳು. "ಅಕ್ಕಾ, ಇಲ್ಲೊಂದು ಮನೇಲಿ ಇಬ್ಬರು ಡೇವಿಡ್. ಒಬ್ಬ ಎರಡು ವರ್ಷಕ್ಕೆ ಹೋಗಿದಾನೆ, ಇನ್ನೊಬ್ಬ ಮುದುಕ ಆಗಿ ಹೋಗಿದಾನೆ. ಇನ್ನೊಂದು ಮನೇಲಿ ಇಬ್ಬರು ಎಲಿಜಬೆತ್!" ಆ ಸ್ಕಾಟ್ ಮನೆಗಳವರಿಗೆ ಅದು ಅಪಶಕುನವಾಗಿರಲಿಲ್ಲ. ಹಿರಿಯರ ಹೆಸರು ಮನೆಯಲ್ಲಿ ನಿಲ್ಲಲೇಬೇಕು. ಆ ಹೆಸರು ಹೊತ್ತ ಮಗು ಹೋದರೆ ಮುಂದಿನ ಮಗು ಅದನ್ನು ಹೊರಬೇಕು.

ಇನ್ನೊಂದು ಪುಟ ನಮ್ಮ ಹತ್ತಿರ ಮೊದಲಿನಿಂದಲೇ ಇತ್ತು. 1900ರ ಗಣತಿಯಲ್ಲಿ ಪ್ರತಿ ತಾಯಿಗೂ ಎರಡು ಪ್ರಶ್ನೆ ಕೇಳಿದ್ದರು: ಎಷ್ಟು ಮಕ್ಕಳನ್ನು ಹೆತ್ತೆ, ಎಷ್ಟು ಮಕ್ಕಳು ಬದುಕಿದ್ದಾರೆ? ಆಗ ಜಾನೆಟ್ ವಿಧವೆ, ಮಗನ ಮನೆಯಲ್ಲಿದ್ದ ಮುದುಕಿ. ಹೆತ್ತದ್ದು ಆರು ಎಂದು ಬರೆದಿತ್ತು. ಎಲೆನ್ ಅವರ ಬಳಗಕ್ಕೆ ಗೊತ್ತಿದ್ದದ್ದು ಐದೇ. ಸತ್ತು ಹುಟ್ಟಿದ ಕೂಸೊಂದು ಇದ್ದಿರಬಹುದು ಎಂದು ಅವರು ಹೇಳಿದ್ದರು, ನಾವೂ ಹೂಂ ಎಂದಿದ್ದೆವು.

ಈಗ ಕೂತು ಕ್ರಮವಾಗಿ ಹೊಂದಿಸಿದೆ. ಮೊದಲ ಹೆಣ್ಣು ಆಗ್ನೆಸ್, ಹಡಗಿನಲ್ಲಿ ಬಂದ ಕೈಗೂಸು. ಎರಡನೆಯ ಹೆಣ್ಣಿಗೆ ಮಾರ್ಗರೆಟ್ ಎಂದಿಟ್ಟಿದ್ದಾರೆ; ರೂಢಿಯಂತೆ ಅದು ಆಂಡ್ರೂವಿನ ತಾಯಿಯ ಹೆಸರಿರಬೇಕು. ಅಂದರೆ ಆ ಹೊತ್ತಿಗೆ ಮೊದಲ ಆಗ್ನೆಸ್ ಬದುಕಿದ್ದಳು. ಇಲ್ಲದಿದ್ದರೆ ಅವಳ ಹೆಸರು ಆಗಲೇ ಬರುತ್ತಿತ್ತು. ಮೂರನೆಯ ಹೆಣ್ಣು ಹುಟ್ಟುವಷ್ಟರಲ್ಲಿ ಅವಳಿಲ್ಲ. ಹಾಗಾದರೆ ಮೂರು ದಾಟಿದ, ಆರು ತುಂಬದ ಮಗು. ನಡೆಯುತ್ತಿದ್ದ, ಮಾತಾಡುತ್ತಿದ್ದ, ಪ್ರಾಯಶಃ ತಮ್ಮನನ್ನು ಆಡಿಸುತ್ತಿದ್ದ ಮಗು. ಹಿರಿಮಗಳು ಅವಳೇ ಆದರೆ, ಜಾನೆಟ್‌ಳ ತಾಯಿ ಆಗ್ನೆಸ್. ತೌರು ಬೇರ್ಡ್ ಮನೆ. ಕಲ್ಲಿನ ಮೇಲೆ ಕೆತ್ತಲು ಹೊರಟಿದ್ದು ಬೇರೆ ಯಾರದೋ ಅಪ್ಪ ಅಮ್ಮನ ಹೆಸರು.

ರಾಜಗೋಪಾಲ್ ಅವರ ಕೋಣೆಗೆ ಹೋದೆ. ಅವರು ಒಳ್ಳೆಯ ಮನುಷ್ಯ, ಆದರೆ ಮುಗಿದ ಕೇಸನ್ನು ಮತ್ತೆ ತೆರೆಯುವುದೆಂದರೆ ಹಲ್ಲು ಕೀಳಿಸಿಕೊಂಡಷ್ಟು ಹೆದರಿಕೆ. "ಮುಡಿಂಜ ಕೇಸ್, ಮೇಡಂ. ಕ್ಲೈಂಟೇ ಹ್ಯಾಪಿ. ನಿಮಗೇನು?"

"ಸಾರ್, ಕಾಗದ ಆಗಿದ್ರೆ ಆಮೇಲೆ ತಿದ್ಬಹುದು. ಅವರು ಕಲ್ಲಿನ ಮೇಲೆ ಕೆತ್ತಿಸ್ತಿದಾರೆ."

ಅವರು ಕೇಸಿನ ಫೈಲನ್ನು ನನ್ನ ಕಡೆ ಸರಿಸಿದರು. "ನೀವೇ ಮಾತಾಡಿ. ನನ್ನ ಇಂಗ್ಲಿಷ್‌ನಲ್ಲಿ ಹೇಳಿದ್ರೆ ಅವರ ಅಜ್ಜಿನೇ ಸುಳ್ಳು ಅಂದಹಾಗೆ ಕೇಳ್ಸುತ್ತೆ."

ಅಂದು ಸಂಜೆ, ಅಲ್ಲಿ ಬೆಳಗಾದ ಮೇಲೆ, ಕಾನ್ಫರೆನ್ಸ್ ಕಾಲ್ ಹಾಕಿದರು. ನಾನು ಪುಟಗಳನ್ನು ಒಂದರ ಹಿಂದೊಂದು ಹೇಳುತ್ತ ಹೋದೆ. ಮುಗಿದ ಮೇಲೆ ಎಲೆನ್, ಕಲ್ಲುಕುಟಿಗ ಸೋಮವಾರ ಶುರು ಮಾಡುತ್ತಾನೆ ಎಂದರು. ಬಳಗದವರಿಗೆಲ್ಲ ಕ್ರೇಗ್ ಎಂದು ಬರೆದಾಗಿದೆ, ಮೊಮ್ಮಗಳೊಬ್ಬಳು ಸ್ಕಾಟ್ಲೆಂಡಿನ ಆ ಊರಿಗೆ ಹೋಗಿ ಫೋಟೋ ತೆಗೆದುಕೊಂಡೂ ಬಂದಿದ್ದಾಳೆ ಎಂದರು. ದನಿಯಲ್ಲಿ ಸ್ವಲ್ಪ ಸಿಟ್ಟಿತ್ತು. ಆಮೇಲೆ ನೇರವಾಗಿ ಕೇಳಿದರು: "ನೀವು ಖಚಿತವಾಗಿ ಹೇಳಬಲ್ಲಿರಾ?"

"ಇಲ್ಲ" ಎಂದೆ. "ಜಾನೆಟ್ ಆರು ಮಕ್ಕಳನ್ನು ಹೆತ್ತಿದ್ದರು ಎಂದು ಹೇಳಬಲ್ಲೆ. ಆರನೆಯ ಮಗು ಯಾವುದು ಎಂದೂ ಹೇಳಬಲ್ಲೆ ಅನ್ನಿಸುತ್ತದೆ. ಉಳಿದದ್ದನ್ನು ಸ್ಕಾಟ್ಲೆಂಡಿನಲ್ಲಿ ಯಾರಾದರೂ ನೋಡಬೇಕು. ಅಲ್ಲಿಯವರೆಗೆ ಕಲ್ಲು ಕಾಯಲಿ."

ಎಲೆನ್ ಹೇಳಿದರು: "ಎರಡನೆಯ ಆಗ್ನೆಸ್ ನನ್ನ ಅಜ್ಜಿ. ನನ್ನ ಜಡೆ ಹಾಕುತ್ತಿದ್ದವರು. ಅಕ್ಕನ ಹೆಸರನ್ನು ಹೊತ್ತು ಅಷ್ಟು ವರ್ಷ ಬದುಕಿದರು. ಅಕ್ಕನೊಬ್ಬಳಿದ್ದಳು ಎಂದು ಒಂದು ಮಾತೂ ಹೇಳಲಿಲ್ಲ."

ಕಲ್ಲುಕುಟಿಗನಿಗೆ ಅವರು ಅವತ್ತೇ ಫೋನ್ ಮಾಡಿ ತಡೆದರು. ಸ್ಕಾಟ್ಲೆಂಡಿನಲ್ಲಿ ಒಬ್ಬರಿಂದ ದಾಖಲೆ ನೋಡಿಸಿದರು. ಜಾನೆಟ್ ಕ್ರೇಗ್ ದೇಶ ಬಿಟ್ಟವಳೇ ಅಲ್ಲ. ಮದುವೆಯಿಲ್ಲದೆ ಅಣ್ಣನ ಮನೆಯಲ್ಲಿದ್ದು, ಅದೇ ಊರಿನಲ್ಲಿ ತೀರಿಕೊಂಡಿದ್ದಳು. ಬಳಗ ಸೇರುವ ದಿನಕ್ಕೆ ಕಲ್ಲು ಸಿದ್ಧವಾಗಲಿಲ್ಲ. ಖಾಲಿ ಜಾಗದ ಸುತ್ತಲೇ ನಿಂತು ಊಟ ಮಾಡಿದೆವು, ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ ಎಂದು ಎಲೆನ್ ಬರೆದರು. ಎಲೆ ಉದುರುವ ಕಾಲಕ್ಕೆ ಹೊಸ ಕಲ್ಲಿನ ಫೋಟೋ ಬಂತು.

ಆಮೇಲೆಯೂ ಎಂಟು ವರ್ಷ ನಾನು ಅದೇ ಕೆಲಸ ಮಾಡಿದೆ. ಹೊಸಬರಿಗೆ ಟ್ರೇನಿಂಗ್ ಕೊಡುವಾಗ ಈ ಕೇಸನ್ನು ಹೇಳದೆ ಬಿಟ್ಟವಳಲ್ಲ. ಪುಟದಲ್ಲಿ ಏನೋ ತಪ್ಪಾಗಿದೆ ಎಂದು ಅನ್ನಿಸಿದರೆ, ಯಾರ ಮನೆಯ ರೂಢಿ ಹಿಡಿದು ತಪ್ಪು ಅನ್ನುತ್ತಿದ್ದೇವೆ ಎಂದು ಮೊದಲು ಕೇಳಿಕೊಳ್ಳಿ ಎನ್ನುತ್ತಿದ್ದೆ. ನಮಗೆ ಸಹಜ ಎನ್ನಿಸಿದ್ದನ್ನು ನಾವು ಪರೀಕ್ಷಿಸುವುದೇ ಇಲ್ಲ; ಈ ಉದ್ಯೋಗ ನನಗೆ ಕಲಿಸಿದ್ದರಲ್ಲಿ ಉಳಿದುಕೊಂಡದ್ದು ಅದು.

ಫೋಟೋದ ಪ್ರಿಂಟ್ ತೆಗೆದು ಮನೆಗೆ ತಂದಿದ್ದೆ. ಅತ್ತೆ ಕನ್ನಡಕ ಹಾಕಿಕೊಂಡು, ಏನೇನು ಬರೆದಿದೆ ಹೇಳು ಎಂದರು. ಜಾನೆಟ್ ಬೇರ್ಡ್, ವಿಲಿಯಂ ಮತ್ತು ಆಗ್ನೆಸ್ ಅವರ ಮಗಳು, ಆರು ಮಕ್ಕಳ ತಾಯಿ ಎಂದು ಓದಿ, ಮಕ್ಕಳ ಹೆಸರನ್ನೂ ಒಂದೊಂದಾಗಿ ಓದಿದೆ. ಎರಡನೆಯ ಸಲ ಆಗ್ನೆಸ್ ಎಂದಾಗ ಅವರು ಕೈ ಎತ್ತಿ ನನ್ನನ್ನು ನಿಲ್ಲಿಸಿದರು.

"ದಿನಾ ಊಟಕ್ಕೆ ಬಾ ಅಂತ ಅದೇ ಹೆಸರು ಹಿಡಿದು ಕೂಗ್ತಿದ್ಲಲ್ಲ, ಪುಣ್ಯಾತ್ಗಿತ್ತಿ. ಮನಸ್ಸಲ್ಲಿ ಯಾರ್ನ ಕರೀತಿದ್ಲೋ."