ಚಲುವಮ್ಮನವರು ಐರ್ಲೆಂಡಿಗೆ ಕಳುಹಿಸಿದ ಮುಯ್ಯಿ

ಮೂಗೂರಿನ ನಮ್ಮ ಶಾಲೆಯಲ್ಲಿ ಬಿಸಿಯೂಟ ಆರಂಭವಾದ ವರ್ಷವೇ ಅಡುಗೆಗೆ ಸೇರಿದವರು ಚಲುವಮ್ಮನವರು. ನಾನು ಅಲ್ಲಿ ಹನ್ನೊಂದು ವರ್ಷ ಮುಖ್ಯೋಪಾಧ್ಯಾಯನಾಗಿದ್ದೆ. ಅಷ್ಟು ವರ್ಷಗಳಲ್ಲಿ ಒಂದು ದಿನವೂ ಅವರು ಇವತ್ತು ಮಕ್ಕಳೆಷ್ಟು ಎಂದು ನನ್ನನ್ನು ಕೇಳಿದವರಲ್ಲ. ಬೆಳಗಿನ ಪ್ರಾರ್ಥನೆ ಮುಗಿದು ಮಕ್ಕಳು ಒಳಗೆ ಹೋದ ಮೇಲೆ, ತರಗತಿಗಳ ಮುಂದೆ ಬಿಟ್ಟಿದ್ದ ಚಪ್ಪಲಿಗಳ ಮೇಲೆ ಒಮ್ಮೆ ಕಣ್ಣಾಡಿಸಿಕೊಂಡು ಹೋಗಿ ಅಕ್ಕಿ ಅಳೆಯುತ್ತಿದ್ದರು. ನನ್ನ ಹಾಜರಿ ಪುಸ್ತಕ ತಪ್ಪಿದ ದಿನಗಳುಂಟು, ಅವರ ಅಳತೆ ತಪ್ಪಿದ್ದು ನನಗೆ ನೆನಪಿಲ್ಲ.

ಅವರ ಪತಿ ಪುಟ್ಟಬಸವಯ್ಯನವರು ಗಾರೆ ಕೆಲಸದವರು. ನರಸೀಪುರ, ನಂಜನಗೂಡು ಎರಡು ಕಡೆಯೂ ಅವರು ಕಟ್ಟಿದ ಗೋಡೆಗಳಿವೆ. ಒಬ್ಬಳೇ ಮಗಳು ಯಶೋಧರಾ ನನ್ನ ವಿದ್ಯಾರ್ಥಿನಿ. ಮೈಸೂರಿನಲ್ಲಿ ನರ್ಸಿಂಗ್ ಓದಿ, ನಂಜನಗೂಡಿನ ಆಸ್ಪತ್ರೆಯೊಂದರಲ್ಲಿ ನಾಲ್ಕು ವರ್ಷ ದುಡಿದು, ಅಲ್ಲಿಂದ ಪರೀಕ್ಷೆ ಬರೆದು ಐರ್ಲೆಂಡಿಗೆ ಹೋದಳು. ಮರುವರ್ಷ ಗಂಡ ಸಿದ್ಧಾರ್ಥನೂ ಹೋಗಿ, ವಯಸ್ಸಾದವರನ್ನು ನೋಡಿಕೊಳ್ಳುವ ಒಂದು ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿದ.

ಇಬ್ಬರೂ ದುಡಿಯುತ್ತಿದ್ದರೂ ಅಲ್ಲಿ ಮನೆಯದೇ ಕಷ್ಟ. ಸಂಬಳದ ಅರ್ಧಕ್ಕೆ ಸಮೀಪದಷ್ಟು ಬಾಡಿಗೆಗೇ ಹೋಗುತ್ತಿತ್ತು. ಸಾಲದ್ದಕ್ಕೆ ಐದು ವರ್ಷಗಳಲ್ಲಿ ಮೂರು ಮನೆ ಬದಲಾಯಿತು. ಪ್ರತಿ ಸಲವೂ ಮಾಲೀಕರು ಮನೆ ಮಾರುತ್ತೇವೆಂದು ತಿಳಿಸುವುದು, ಇವರು ಗಂಟುಮೂಟೆ ಕಟ್ಟುವುದು, ಇವರ ಪುಟ್ಟ ಮಗಳು ಶಾಲೆ ಬದಲಿಸುವುದು. ಮೂರನೆಯ ಶಾಲೆಯಲ್ಲಿ ಆರು ವರ್ಷದ ಆ ಕೂಸು ಹೆಚ್ಚುಕಡಿಮೆ ಎರಡು ತಿಂಗಳು ಬಾಯಿಯನ್ನೇ ತೆರೆಯಲಿಲ್ಲವಂತೆ. ಹೊಸದಾಗಿ ಒಬ್ಬಳು ಗೆಳತಿ ಸಿಕ್ಕಿ ಮಾತು ಹೊರಟಿತು ಎನ್ನುವಷ್ಟರಲ್ಲಿ ಆ ಮನೆಯವರೂ ಮಾರುವ ಮಾತು ತೆಗೆದರು.

ಈ ಸಲ ಊರು ಬಿಡುವುದಿಲ್ಲವೆಂದು ಯಶೋಧರಾ ನಿಶ್ಚಯಿಸಿದಳು. ಅದೇ ಶಾಲೆಗೆ ನಡೆದು ಹೋಗುವಷ್ಟು ದೂರದಲ್ಲಿ ಒಂದು ಸಣ್ಣ ಮನೆ ಮಾರಾಟಕ್ಕಿತ್ತು. ಬೆಲೆಯ ಹತ್ತರಲ್ಲೊಂದು ಪಾಲನ್ನು ಕೊಳ್ಳುವವರು ಕೈಯಿಂದ ಹಾಕಬೇಕು, ಉಳಿದದ್ದನ್ನು ಬ್ಯಾಂಕು ಅದೇ ಮನೆಯನ್ನು ಅಡ ಇಟ್ಟುಕೊಂಡು ಸಾಲ ಕೊಡುತ್ತದೆ. ತಮ್ಮ ಪಾಲಿನಲ್ಲಿ ಬಹುಭಾಗವನ್ನು ಅವರು ಕೂಡಿಟ್ಟಿದ್ದರು. ಕೊರತೆ ಬಿದ್ದದ್ದು ನಮ್ಮ ಲೆಕ್ಕದಲ್ಲಿ ಮೂರು ಲಕ್ಷ.

ಚಲುವಮ್ಮನವರು ಕೇಳಿ, ಮೂರು ಲಕ್ಷ ತಾನೇ, ನನ್ನ ಹತ್ತಿರ ಇದೆ ಎಂದರಂತೆ. ಫೋನಿನ ಆಚೆ ಮಗಳು, ಈಚೆ ಗಂಡ, ಇಬ್ಬರೂ ಎಲ್ಲಿಯದು ಎಂದು ಒಟ್ಟಿಗೇ ಕೇಳಿದರಂತೆ.

ಅವರು ಹೇಳಿದ್ದು ಮುಯ್ಯಿಯ ಮಾತು. ನಮ್ಮ ಕಡೆಯವರಿಗೆ ಅದನ್ನು ವಿವರಿಸಬೇಕಾಗಿಲ್ಲ, ಪಟ್ಟಣದ ಮಕ್ಕಳಿಗಾಗಿ ಬರೆಯುತ್ತೇನೆ. ಒಬ್ಬರ ಮನೆಯ ಮದುವೆಗೋ ಮನೆಯೊಕ್ಕಲಿಗೋ ಹೋದವರು ಕೈಲಾದಷ್ಟು ಹಣ ಹಾಕಿ ಪುಸ್ತಕದಲ್ಲಿ ಹೆಸರು ಬರೆಸಿ ಬರುತ್ತಾರೆ. ಮುಂದೆ ಅವರ ಮನೆಯಲ್ಲಿ ಕಾರ್ಯವಾದಾಗ ಇವರು ಹೋಗಿ ಅಷ್ಟನ್ನೂ, ಅದರ ಮೇಲೆ ಇನ್ನೊಂದಿಷ್ಟನ್ನೂ ಹಾಕಿ ಬರಬೇಕು. ಹಾಕದೆ ಉಳಿದವನ ಹೆಸರು ಊರಿನಲ್ಲಿ ಉಳಿಯುವುದಿಲ್ಲ. ಚಲುವಮ್ಮನವರು ಮೂವತ್ತು ವರ್ಷಗಳಿಂದ ಕೂಲಿಯ ಹಣದಲ್ಲಿ, ಆಮೇಲೆ ಬಿಸಿಯೂಟದ ಸಂಭಾವನೆಯಲ್ಲಿ, ಮೂಗೂರಿನಲ್ಲೂ ತವರಾದ ದೇವನೂರಿನಲ್ಲೂ ಕರೆದವರ ಮನೆಗೆಲ್ಲ ಹೋಗಿ ಹಾಕಿದ್ದರು. ತಿರುಗಿ ಪಡೆಯುವಂಥ ಕಾರ್ಯ ಅವರ ಮನೆಯಲ್ಲಿ ನಡೆದಿರಲಿಲ್ಲ. ಮಗಳ ಮದುವೆ ಬುದ್ಧವಂದನೆ ಮಾಡಿ ಐವತ್ತು ಜನರೊಳಗೆ ಮುಗಿದಿತ್ತು, ಮುಯ್ಯಿ ಬೇಡವೆಂದು ಯಶೋಧರಾಳೇ ಹೇಳಿದ್ದಳು.

ಅಂತೂ ಅವರ ಬೀದಿಯ ಸಮುದಾಯ ಭವನದ ಮುಂದೆ ಶಾಮಿಯಾನ ಹಾಕಿಸಿ, ಇನ್ನೂ ಕೊಳ್ಳದ ಮನೆಯ ಒಕ್ಕಲಿಗೆ ಊರನ್ನೆಲ್ಲ ಕರೆದರು. ನಾನೂ ಹೋಗಿದ್ದೆ. ಆ ಮನೆಯ ಒಂದು ಚಿತ್ರವನ್ನು ದೊಡ್ಡದಾಗಿ ಅಚ್ಚು ಹಾಕಿಸಿ ಕಂಬಕ್ಕೆ ಕಟ್ಟಿದ್ದರು. ಎದುರು ಮನೆಯ ಹುಚ್ಚಯ್ಯನವರು ಊಟ ಮುಗಿಸಿ, ಎಲೆಅಡಿಕೆ ಹಾಕಿಕೊಂಡು, ಮುಯ್ಯಿ ಬರೆಯುವ ಮೇಜಿನ ಮುಂದೆ ನಿಂತು ಎಲ್ಲರಿಗೂ ಕೇಳುವಂತೆ ಕೆಣಕಿದರು.

“ಚಲುವಕ್ಕ, ಒಕ್ಕಲು ಅಂದ್ಯಲ್ಲ, ಮನೆ ಎಲ್ಲವ್ವ?”

“ಕಂಬದಲ್ಲಿ ಕಟ್ಟಿವ್ನಲ್ಲ, ಕಾಣಕಿಲ್ವಾ? ಒಳಕ್ಕೋಗಿ ನೋಡ್ಬೇಕು ಅಂದ್ರೆ ಇಮಾನದ ಟಿಕೀಟು ತಗಸ್ಕೊಂಡು ಬಾ.”

ನಾಲ್ಕು ನೂರು ಜನರಿಂದ ಬಂದ ಹಣ ಮೂರು ಲಕ್ಷದ ಅರವತ್ತು ಸಾವಿರ. ಪುಟ್ಟಬಸವಯ್ಯನವರ ಬ್ಯಾಂಕಿನ ಖಾತೆಯಿಂದ ಕ್ರಮವಾಗಿಯೇ ಅದು ಐರ್ಲೆಂಡಿಗೆ ಹೋಯಿತು.

ಅಲ್ಲಿ ತೊಡಕಾಯಿತು. ಸಾಲ ಕೊಡುವ ಬ್ಯಾಂಕಿನ ಹೆಣ್ಣುಮಗಳೊಬ್ಬಳು ಫೋನ್ ಮಾಡಿ, ನಿಮ್ಮ ಖಾತೆಗೆ ಒಮ್ಮೆಲೇ ಬಂದಿರುವ ಈ ಹಣ ಎಲ್ಲಿಯದು, ಇದನ್ನು ನೀವು ಹಿಂತಿರುಗಿಸಬೇಕೇ ಎಂದು ಕೇಳಿದಳು. ಬೇರೆ ಯಾರಾದರೂ ಆಗಿದ್ದರೆ ಅಮ್ಮ ಕೊಟ್ಟದ್ದು ಎಂದು ಹೇಳಿ ಸುಮ್ಮನಾಗುತ್ತಿದ್ದರು. ಯಶೋಧರಾ ಮೂಗೂರಿನವಳು. ಊರಿನ ಮರ್ಯಾದೆಯ ಪ್ರಶ್ನೆ ಕೇಳಿದರೆಂದೇ ತಿಳಿದು, ತಪ್ಪದೆ ಹಿಂತಿರುಗಿಸುತ್ತೇವೆ, ಕೊಟ್ಟಷ್ಟನ್ನೇ ಕೊಡುವುದು ನಮ್ಮಲ್ಲಿ ಗೌರವವಲ್ಲ, ಒಂದಕ್ಕೆ ಒಂದೂವರೆ ಹಾಕಿ ಕೊಡುತ್ತೇವೆ ಎಂದುಬಿಟ್ಟಳು. ಬ್ಯಾಂಕಿನವಳು ಅದನ್ನು ಹಾಗೆಯೇ ಬರೆದುಕೊಂಡಳು: ನಾಲ್ಕು ನೂರು ಜನರಿಂದ ಕೈಸಾಲ, ಬಡ್ಡಿ ನೂರಕ್ಕೆ ಐವತ್ತು. ಅಷ್ಟು ಸಾಲವಿರುವವರಿಗೆ ಮನೆ ಸಾಲ ಕೊಡಲಾಗದೆಂದು ಮರುದಿನವೇ ಪತ್ರ ಬಂತು. ಸಿದ್ಧಾರ್ಥ ಹೆಂಡತಿಯನ್ನು ನಗಿಸಲೆಂದು, ನಿಮ್ಮೂರಿನ ಮೀಟರ್ ಬಡ್ಡಿ ಯುರೋಪಿಗೂ ಬಂತು ಎಂದನಂತೆ. ಅವಳು ನಗಲಿಲ್ಲ.

ಒಂದೇ ದಾರಿಯಿತ್ತು. ಇದು ಮಗಳಿಗೆ ಕೊಟ್ಟ ಉಡುಗೊರೆ, ಯಾರಿಗೂ ಎಂದೂ ಹಿಂತಿರುಗಿಸಬೇಕಾಗಿಲ್ಲ ಎಂದು ತಾಯಿ ಸಹಿ ಮಾಡಿದ ಪತ್ರ ಬೇಕು. ಮನೆ ಮಾರುವವರು ಕಾಯುವುದು ಇನ್ನು ನಾಲ್ಕು ವಾರ ಮಾತ್ರ. ಪತ್ರದ ನಮೂನೆ ಫೋನಿನಲ್ಲಿ ಬಂತು. ನರಸೀಪುರದಲ್ಲಿ ಅಚ್ಚು ಹಾಕಿಸಿಕೊಂಡು ಗಂಡಹೆಂಡತಿ ಇಬ್ಬರೂ ನನ್ನ ಮನೆಗೆ ಬಂದರು. ನಾನು ಓದಿ, ಒಂದೊಂದು ಸಾಲಿನ ಅರ್ಥವನ್ನೂ ಹೇಳಿದೆ. ಚಲುವಮ್ಮನವರು ಕಾಗದವನ್ನು ಮಡಿಸಿ ಇಟ್ಟರು.

“ಒಂದು ಸೈನು ಆಕುದ್ರೆ ಏನಾದ್ದು?” ಎಂದರು ಪುಟ್ಟಬಸವಯ್ಯನವರು. “ಆ ಬಿಳಿಯರು ಬಂದು ನಮ್ ಬೀದೀಲಿ ಕೂತ್ಕಂಡು, ಇವ್ಳು ಯಾರ್ಯಾರ್ಗೆ ಮುಯ್ಯಿ ತಿರುಗುಸುದ್ಲು ಅಂತ ನೋಡ್ತಾರಾ?”

“ಅವರು ನೋಡಕಿಲ್ಲ ಕನ. ಈಸ್ಕೊಂಡೋರು ನಾವಲ್ವಾ. ತಿರುಗುಸ್ಬೇಕಾದ್ದನ್ನ ತಿರುಗುಸಂಗಿಲ್ಲ ಅಂತ ಕಾಗ್ದದ ಮೇಲೆ ನಾನು ಬರೆಯಾಕಿಲ್ಲ.”

ನಾನೂ ಒಂದು ಮಾತು ಆಡಿದೆ. ಇದೊಂದು ಕಚೇರಿಯ ಕ್ರಮವಷ್ಟೇ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದೆ. ಅವರು ನನ್ನನ್ನೇ ನೋಡಿ, “ಮೇಷ್ಟ್ರೆ, ನೀವೇ ಇಂಗಂದ್ರೆ?” ಎಂದರು. 

ಮೊಮ್ಮಗಳ ವಿಷಯ ಅವರಿಗೆ ಮರೆತಿರಲಿಲ್ಲ. ಆ ಮನೆ ಕೈತಪ್ಪಿದರೆ ಮಗು ಮತ್ತೆ ಬಾಯಿ ಮುಚ್ಚೀತು ಎಂಬ ಭಯ ಮಗಳಿಗಿಂತ ಅವರಿಗೇ ಹೆಚ್ಚಾಗಿತ್ತು. ಅದಕ್ಕಾಗಿ ಅವರು ಒಂದು ನಿರ್ಧಾರಕ್ಕೆ ಬಂದರು. ಮುಯ್ಯಿ ಹಾಕಿದವರ ಮನೆಗೆ ಒಬ್ಬೊಬ್ಬರಾಗಿ ಹೋಗಿ, ನಿಮ್ಮ ಹಣ ತಿರುಗಿ ಬರುವುದಿಲ್ಲ, ಒಪ್ಪಿಗೆಯೇ ಎಂದು ಕೇಳುವುದು. ಒಪ್ಪಿದವರದನ್ನು ಮಾತ್ರ ಉಡುಗೊರೆ ಎಂದು ಬರೆಯುವುದು. ಹಾಗೆ ಬೇಡುವುದು ಅವರಿಗೆ ಎಷ್ಟು ಕಷ್ಟವಾಗಿರಬೇಕೆಂಬುದನ್ನು ನಾನು ಊಹಿಸಬಲ್ಲೆ. ಎಂದೂ ಯಾರ ಹತ್ತಿರವೂ ಒಂದು ಪಾವು ರಾಗಿ ಕೇಳಿದವರಲ್ಲ.

ಮೊದಲು ಹೋದದ್ದು ಹುಚ್ಚಯ್ಯನವರ ಮನೆಗೆ. ಅವರು ಕೇಳಿಸಿಕೊಂಡು ಸಿಟ್ಟಾದರು.

“ನಾನ್ಯಾವಾಗ ನಿಂಗೆ ಒಸದಾಗಿ ಕೊಟ್ಟೆ? ನನ್ ದೊಡ್ ಮಗಳ ಮದ್ವೇಲಿ ನೀನು ಆಕಿರ್ನಿಲ್ವಾ? ಅದು ನಿಂದೇ ದುಡ್ಡು, ನಿನ್ ತಾವ್ಕೇ ಬಂತು. ನಿಂದ ನಿನ್ ಮಗಳ್ಗೆ ಕೊಡಕೆ ನನ್ನ ಒಪ್ಗೆ ಕೇಳ್ತಿಯಲ್ಲ, ನಿಂಗೇನ್ ಬುದ್ಧಿ ನೆಟ್ಟಗದಾ?”

ಒಳಗೆ ಹೋಗಿ ಟ್ರಂಕಿನಿಂದ ಮಗಳ ಮದುವೆಯ ಮುಯ್ಯಿ ಪುಸ್ತಕವನ್ನು ತಂದು ಜಗಲಿಯ ಮೇಲೆ ಹಾಕಿದರು. ಚಲುವಮ್ಮನವರ ಓದು ನಾಲ್ಕನೆಯ ತರಗತಿಗೆ ನಿಂತದ್ದು. ಬೆರಳಿಟ್ಟು ಸಾಲು ಸಾಲಾಗಿ ನೋಡುತ್ತ ಹೋಗಿ ತಮ್ಮ ಹೆಸರನ್ನು ಕಂಡುಹಿಡಿದರು. ಆ ಮದುವೆಗೆ ಅವರು ಹಾಕಿದ್ದು ಮುನ್ನೂರು. ಈಗ ಹುಚ್ಚಯ್ಯನವರು ಹಾಕಿದ್ದು ಐನೂರು.

“ಮುನ್ನೂರು ನಂದು. ಇನ್ನೂರು ನಿಂದು ಕನಣ್ಣ,” ಎಂದರು.

ಹುಚ್ಚಯ್ಯನವರು ಪುಸ್ತಕವನ್ನು ಮುಚ್ಚಿ ಒಳಗಿಟ್ಟರು. ಅದೇ ಸರಿ ಎಂದು ಅವರಿಗೂ ಗೊತ್ತಿತ್ತು.

ಅಲ್ಲಿಗೆ ಬೇಡುವ ಕೆಲಸ ಮುಗಿದು ಹುಡುಕುವ ಕೆಲಸ ಹತ್ತಿತು. ತಾವು ಮೊದಲೇ ಹಾಕಿದ್ದಷ್ಟು ತಮ್ಮದು, ಅದನ್ನು ಮಗಳಿಗೆ ಕೊಡಬಹುದು, ಸಹಿಯನ್ನೂ ಮಾಡಬಹುದು. ಅದರ ಮೇಲೆ ಬಂದದ್ದು ಪರರದು, ಅದನ್ನು ಐರ್ಲೆಂಡಿನಿಂದ ವಾಪಸು ತರಿಸಬೇಕು. ಯಾವುದು ಎಷ್ಟು ಎಂಬುದು ಆಯಾ ಮನೆಯ ಪುಸ್ತಕದಲ್ಲಿತ್ತು. ದಸರೆಯ ರಜೆ ಬಂದಿದ್ದರಿಂದ ಅಡುಗೆಯ ಕೆಲಸವಿರಲಿಲ್ಲ. ಬೆಳಗ್ಗೆ ಮುದ್ದೆ ಉಂಡು ಹೊರಟರೆ ಮೂಗೂರಿನ ಬೀದಿಗಳನ್ನು ಸುತ್ತಿ ಹೊತ್ತು ಮುಳುಗುವ ವೇಳೆಗೆ ಬರುತ್ತಿದ್ದರು. ಹೆಸರಿರುವ ಹಾಳೆಯನ್ನು ಫೋನಿನಲ್ಲಿ ಚಿತ್ರ ತೆಗೆಯುವುದನ್ನು ಎರಡೇ ದಿನದಲ್ಲಿ ಕಲಿತರು. ನಂಜನಗೂಡಿನಲ್ಲಿ ಬಸ್ಸು ಬದಲಿಸಿಕೊಂಡು ದೇವನೂರಿಗೆ ಮೂರು ಸಲ ಹೋದರು. ಅಲ್ಲಿ ಅವರ ಸ್ವಂತ ಅಣ್ಣ ಮಹಾದೇವಸ್ವಾಮಿಯ ಮನೆಯ ಪುಸ್ತಕವನ್ನೇ ಇಲಿ ತಿಂದಿತ್ತು. ನೀನು ಮೂರು ಸಾವಿರ ಹಾಕಿದ್ದು ನನಗೆ ಚೆನ್ನಾಗಿ ನೆನಪಿದೆ, ನಿನಗೂ ನೆನಪಿದೆ, ಬರೆದುಕೋ ಎಂದು ಅಣ್ಣ ಹೇಳಿದರಂತೆ. ಚಲುವಮ್ಮನವರು ಬರೆದುಕೊಳ್ಳಲಿಲ್ಲ. ಪುಸ್ತಕದಲ್ಲಿ ಇಲ್ಲದ್ದನ್ನು ನಾನು ಆ ಹೆಣ್ಣುಮಗಳಿಗೆ ಹೇಗೆ ತೋರಿಸಲಿ ಎಂದರು. ಐರ್ಲೆಂಡಿನ ಬ್ಯಾಂಕಿನವಳನ್ನು ಅವರು ಆ ಹೆಣ್ಣುಮಗಳು ಎಂದೇ ಕರೆಯುತ್ತಿದ್ದರು, ಎಲ್ಲೋ ಪಕ್ಕದ ಊರಿನವಳೆಂಬಂತೆ.

ಹತ್ತೊಂಬತ್ತು ದಿನಗಳಾದವು. ಅವರದೆಂದು ಪುಸ್ತಕಗಳಲ್ಲಿ ಸಿಕ್ಕಿದ್ದು ಎರಡು ಲಕ್ಷದ ಎಂಬತ್ತೆರಡು ಸಾವಿರ. ಹನ್ನೊಂದು ರೂಪಾಯಿ, ಇಪ್ಪತ್ತೊಂದು ರೂಪಾಯಿ ಎಂದು ಆರಂಭವಾಗಿ ಸಾವಿರಕ್ಕೆ ಬೆಳೆದ ಹಣ. ನಾನು ಆ ಹಾಳೆಗಳನ್ನು ಒಂದೊಂದಾಗಿ ನೋಡಿದೆ. ಬೇರೆ ಬೇರೆ ಕೈಬರಹಗಳಲ್ಲಿ, ಬೇರೆ ಬೇರೆ ಶಾಯಿಗಳಲ್ಲಿ ಒಂದೇ ಹೆಸರು. ಬೇಸಗೆಯ ತಿಂಗಳುಗಳಲ್ಲಿ ಕೆಲಸವಿಲ್ಲದೆ ಸಂಭಾವನೆಯೂ ಇಲ್ಲದೆ ಇದ್ದಾಗಲೂ, ಮದುವೆಗಳೆಲ್ಲ ಆಗಲೇ ಬರುವುದರಿಂದ, ಅವರು ತಪ್ಪಿಸಿರಲಿಲ್ಲ.

ಇಂಗ್ಲಿಷಿನಲ್ಲಿ ವಿವರಣೆ ಬರೆದುಕೊಡುವುದಷ್ಟೇ ನನ್ನ ಪಾಲಿಗೆ ಬಂತು. ಈಕೆ ಮೂವತ್ತು ವರ್ಷ ಬೇರೆಯವರ ಮನೆಗಳಲ್ಲಿ ಇಟ್ಟಿದ್ದ ತನ್ನ ಉಳಿತಾಯ ತನಗೆ ಮರಳಿ ಬಂದಿದೆ, ಅದನ್ನು ಮಗಳಿಗೆ ಕೊಡುತ್ತಿದ್ದಾಳೆ, ಹೆಚ್ಚಾಗಿ ಬಂದ ಎಪ್ಪತ್ತೆಂಟು ಸಾವಿರ ಪರರದಾದ್ದರಿಂದ ಹಿಂದಕ್ಕೆ ಹೋಗುತ್ತದೆ ಎಂದು ಬರೆದೆ. ಚಲುವಮ್ಮನವರು ಕನ್ನಡದಲ್ಲಿ ನಿಧಾನವಾಗಿ, ಒತ್ತಕ್ಷರ ತಪ್ಪದಂತೆ ಸಹಿ ಮಾಡಿದರು. ಮೂರು ಲಕ್ಷಕ್ಕೆ ಕಡಿಮೆಯಾದ ಹದಿನೆಂಟು ಸಾವಿರವನ್ನು ಸಿದ್ಧಾರ್ಥ ರಜೆಯ ದಿನಗಳಲ್ಲೂ ದುಡಿದು ತುಂಬಿದ.

ಐದು ದಿನ ಉತ್ತರವಿಲ್ಲ. ಆರನೆಯ ದಿನ ಬ್ಯಾಂಕಿನವಳು ಯಶೋಧರಾಳಿಗೆ ಕರೆ ಮಾಡಿ ಕೇಳಿದ್ದು ಒಂದೇ ಪ್ರಶ್ನೆ. ಹೆಚ್ಚಿನ ಹಣ ನಿಜವಾಗಿ ಹಿಂದಕ್ಕೆ ಹೋಗಿದೆಯೇ? ಹೋದದ್ದರ ರಸೀದಿಯನ್ನು ಯಶೋಧರಾ ಕಳುಹಿಸಿದಳು. ಮನೆ ಮಾರುವವರ ಗಡುವಿಗೆ ಮೂರು ದಿನ ಉಳಿದಿದ್ದಾಗ ಸಾಲ ಮಂಜೂರಾಯಿತು.

ಕೀಲಿ ಕೈಗೆ ಬಂದ ದಿನ ಮಗಳು ಅಳಿಯ ವಿಡಿಯೊ ಕರೆ ಮಾಡಿದಾಗ ನಾನು ಮೂಗೂರಿನಲ್ಲಿ ಚಲುವಮ್ಮನವರ ಮನೆಯಲ್ಲೇ ಇದ್ದೆ. ಪುಟ್ಟಬಸವಯ್ಯನವರು ಮೊದಲು ಗೋಡೆ ತಟ್ಟಿಸಿದರು. ಅಳಿಯ ಬೆರಳಿನಿಂದ ತಟ್ಟಿದಾಗ ಟೊಳ್ಳು ಸದ್ದು ಬಂತು. ಇದು ಹಲಗೆಯ ಗೋಡೆ, ಇದಕ್ಕೆ ಇಷ್ಟು ಹಣವೇ ಎಂದು ಅವರು ಬಹಳ ಹೊತ್ತು ಗೊಣಗಿದರು. ಮೊಮ್ಮಗಳು ತನ್ನ ಕೋಣೆಯ ಕಿಟಕಿಯಿಂದ ಶಾಲೆಯ ಚಾವಣಿಯನ್ನು ತೋರಿಸಿ, ಎಲ್ಲರ ಮಾತಿಗೂ ಅಡ್ಡ ಬಾಯಿ ಹಾಕುತ್ತ, ಬೇರೆ ಯಾರಿಗೂ ಮಾತಾಡಲು ಬಿಡಲಿಲ್ಲ. ಚಲುವಮ್ಮನವರು ಅದನ್ನು ಕೇಳುತ್ತ ಕುಳಿತಿದ್ದರು. ಕೊನೆಗೆ ಸಾಲ ಎಷ್ಟು ವರ್ಷದ್ದು ಎಂದು ಮಗಳನ್ನು ಕೇಳಿದರು. ಮೂವತ್ತು ವರ್ಷ ಎಂದಳು ಯಶೋಧರಾ.

“ಕೊಡ್ತಾ ಓದ್ರೆ ಮುಗೀತದೆ ಮಗ. ಅಕ್ಕಪಕ್ಕದೋರು ಎಂಗವ್ರೆ?”

ಪಕ್ಕದ ಮನೆಯಲ್ಲಿ ಒಬ್ಬ ಅಜ್ಜಿ ಇದ್ದಾರೆ, ಬರುವ ಭಾನುವಾರ ಅವರಿಗೆ ಎಂಬತ್ತು ತುಂಬುತ್ತದೆ, ಆಗಲೇ ಬಂದು ಕರೆದು ಹೋಗಿದ್ದಾರೆ ಎಂದಳು ಮಗಳು.

“ಓಗು. ಬರೀ ಕೈಲಿ ಓಗ್ಬ್ಯಾಡ. ಮುಯ್ಯಿ ಆಕ್ಬುಟ್ಟು ಬಾ.”

ಹಿಂದಿನಿಂದ ಸಿದ್ಧಾರ್ಥ ನಕ್ಕು, ಅತ್ತೆ, ಇಲ್ಲಿ ಯಾರೂ ಪುಸ್ತಕ ಇಟ್ಟುಕೊಂಡು ಬರೆದುಕೊಳ್ಳುವುದಿಲ್ಲ ಎಂದ.

“ಬರ್ಕಳ್ದಿದ್ರೆ ಬುಡ್ಲಿ,” ಎಂದರು ಚಲುವಮ್ಮನವರು. “ನೀವು ಆಕಿ.”