ಫೈನಲ್ ದಿನದ ಶಾಲು

ಸರ್ಕಾರಿ ಕಚೇರಿಯಲ್ಲಿ ಒಬ್ಬನನ್ನು ಹೊರಗೆ ಹಾಕಲು ಬೈಯಬೇಕಾಗಿಲ್ಲ, ಒಂದು ಶಾಲು ಹೊದಿಸಿದರೆ ಸಾಕು. ಗೋಪಿನಾಥನಿಗೆ ಇದು ಚೆನ್ನಾಗಿ ಗೊತ್ತಿತ್ತು. ತನಗಿಂತ ಹಿರಿಯ ಆಟಗಾರರಿಗೆ ಶಾಲು ಬಿದ್ದಾಗಲೆಲ್ಲ ಅವನೂ ಚಪ್ಪಾಳೆ ತಟ್ಟಿದ್ದ.

ಹಾಸನದ ಕಡೆಯ ಈ ಉದ್ದನೆಯ ಆಸಾಮಿ ಕ್ರೀಡಾ ಕೋಟಾದಲ್ಲಿ ಗುಮಾಸ್ತನಾಗಿ ದೆಹಲಿಗೆ ಬಂದವನು. ಇಲಾಖೆಯ ವಾಲಿಬಾಲ್ ತಂಡಕ್ಕೆ ಅವನೇ ಸೆಟ್ಟರ್. ಚೆಂಡು ಬಡಿದು ಚಪ್ಪಾಳೆ ಗಿಟ್ಟಿಸುವವರು ಬೇರೆ. ಯಾರು ಬಡಿಯಬೇಕು, ಎಲ್ಲಿಂದ ಬಡಿಯಬೇಕು ಎಂದು ಕಣ್ಣು ಮಿಟುಕಿಸುವಷ್ಟರಲ್ಲಿ ತೀರ್ಮಾನಿಸಿ, ಬೆರಳ ತುದಿಯಿಂದ ಚೆಂಡು ಎತ್ತಿಕೊಡುವವನು ಸೆಟ್ಟರ್. ಊಟವಾದ ಮೇಲೆ ಉಳಿದ ಗುಮಾಸ್ತರು ಕಡತಗಳ ಮುಂದೆ ತೂಕಡಿಸುವಾಗ ಅವನು ಆರ್.ಕೆ.ಪುರಂನ ಮೈದಾನದಲ್ಲಿರುತ್ತಿದ್ದ.

ನಲವತ್ತು ಹತ್ತಿರವಾಗುತ್ತಿದ್ದಂತೆ ಮೊಣಕಾಲು ಮುನಿಸಿಕೊಂಡಿತು, ಆಮೇಲೆ ಬಲಭುಜ. ಡಾಕ್ಟರು ಆಟ ನಿಲ್ಲಿಸು ಅಂದರು. ತಂಡದ ಮ್ಯಾನೇಜರ್ ಖುರಾನಾ ಸಾಹೇಬರು ಆಟ ನಿಲ್ಲಿಸಲಿಲ್ಲ, ಡಾಕ್ಟರನ್ನು ಬದಲಾಯಿಸಿದರು. ಅಂದಿನಿಂದ ಇಲಾಖೆಗಳ ನಡುವಿನ ಪಂದ್ಯಾವಳಿಯ ಪ್ರತಿ ಫೈನಲ್‌ಗೂ ಭುಜಕ್ಕೆ ನೋವು ಮರಗಟ್ಟಿಸುವ ಸೂಜಿ. ಗೆದ್ದ ಕಪ್ ಸಾಹೇಬರ ಕೊಠಡಿ ಸೇರುತ್ತಿತ್ತು, ನೋವು ಗೋಪಿನಾಥನ ಮನೆ ಸೇರುತ್ತಿತ್ತು. ಎಣ್ಣೆ ತಿಕ್ಕುತ್ತ ಹೆಂಡತಿ ಸುಮಿತ್ರಾ ಖುರಾನಾಗೆ ಹಿಡಿಶಾಪ ಹಾಕುತ್ತಿದ್ದಳು. ಅದರಲ್ಲಿ ತಪ್ಪೇನೂ ಇರಲಿಲ್ಲ.

ಎರಡು ಸಾವಿರದ ಏಳರ ಜನವರಿಯಲ್ಲಿ ಅವನು ಅವಳಿಗೆ ಮಾತು ಕೊಟ್ಟ: ಈ ಫೈನಲ್ ಒಂದನ್ನು ಆಡಿ, ನಾನಾಗಿಯೇ ಬಿಟ್ಟುಬಿಡುತ್ತೇನೆ. ಅದೊಂದನ್ನು ನೋಡಲೆಂದು ಅವಳೂ ಬಂದಳು. ಖುರಾನಾ ಎಂದಿನಂತೆ ಸೂಜಿ ಹಾಕಿಸಿಕೊಂಡು ಬಾ ಅಂದಿದ್ದರು, ಹಾಕಿಸಿಕೊಂಡು ಬಂದ. ಜರ್ಸಿ ತೊಟ್ಟು ಮೈ ಬಿಸಿ ಮಾಡಿಕೊಳ್ಳುತ್ತಿರುವಾಗ ಮೈಕಿನಲ್ಲಿ ಅವನ ಹೆಸರು ಕೂಗಿದರು. ಅಂಗಳದ ನಡುವೆ ನಿಲ್ಲಿಸಿ ಹಾರ ಹಾಕಿದರು, ಶಾಲು ಹೊದಿಸಿದರು, ಇಂದು ನಿವೃತ್ತರಾಗುತ್ತಿರುವ ನಮ್ಮ ಹೆಮ್ಮೆಯ ಆಟಗಾರ ಎಂದರು. ಅವನಿಗೇ ಹೇಳದೆ ಅವನ ನಿವೃತ್ತಿ! ಅವನ ಜಾಗಕ್ಕೆ ಹೊಸಬ ರಾಹುಲ್ ಇಳಿದ. ಬೇಕಾದೀತೆಂದು ಗೋಪಿನಾಥನ ಹೆಸರನ್ನೂ ತಂಡದಲ್ಲೇ ಉಳಿಸಿಕೊಂಡಿದ್ದರು, ಜಾಣರು. ಅವನ ಮೈಯೆಲ್ಲ ಉರಿದುಹೋಯಿತು. ಜಗಳ ತೆಗೆಯೋಣವೆಂದರೆ ಕೊರಳಲ್ಲಿ ಹಾರ, ಎದುರಿಗೆ ಚಪ್ಪಾಳೆ. ಹೋಗಿ ಹೆಂಡತಿಯ ಪಕ್ಕದ ಕುರ್ಚಿಯಲ್ಲಿ ಕೂತ.

ರಾಹುಲ್‌ಗೆ ಕೈ ಚುರುಕು, ಆದರೆ ಎದುರಾಳಿಗಳ ಲೆಕ್ಕಾಚಾರ ತಿಳಿಯದು. ಆಟ ಎಳೆದಾಡಿ ಕೊನೆಯ ಸೆಟ್‌ಗೆ ಬಂತು. ತಂಡ ಹಿಂದೆ ಬೀಳುತ್ತಿದ್ದಂತೆ ಖುರಾನಾ ಏದುಸಿರು ಬಿಡುತ್ತ ಬಂದರು.

“ಗೋಪಿ, ಶಾಲು ತೆಗೆದಿಡು. ಚಲೋ, ಇಳಿ.”

ಅಷ್ಟು ಕೋಪದಲ್ಲೂ ಅವನು ಎದ್ದು ನಿಂತ. ಆಸೆ ಎಂಥ ನಾಚಿಕೆಗೇಡು ನೋಡಿ. ಚೆಂಡು ಎತ್ತಿಕೊಡುವಂತೆ ಎರಡೂ ಕೈ ಎತ್ತಿದ. ಎಡಗೈ ತಲೆಯ ಮೇಲೆ ಹೋಯಿತು, ಬಲಗೈ ಎದೆಯ ಹತ್ತಿರವೇ ನಿಂತಿತು. ಚಳಿಯಲ್ಲಿ ಕೂತಲ್ಲೇ ಸೂಜಿಯ ಮದ್ದು ಇಳಿದುಹೋಗಿತ್ತು.

“ನಿಮಗೆ ಬೇಕಿದ್ದಾಗ ಈ ಕೈ ಎದ್ದೇ ಇತ್ತು, ಸಾಹೇಬರೇ,” ಎಂದ ಗೋಪಿನಾಥ ಹಿಂದಿಯಲ್ಲಿ, ಪಕ್ಕದವರಿಗೂ ಕೇಳುವಂತೆ. “ನೀವೇ ಕೂರಿಸಿ ಸಾಯಿಸಿದಿರಿ.”

ಶಾಲು ಎಳೆದು ಖುರಾನಾರ ಹೆಗಲಿಗೆ ಹಾಕಲು ಹೋದ. ಒಂದೇ ಕೈಯಲ್ಲಿ ಶಾಲು ನಿಲ್ಲಲಿಲ್ಲ, ಒಂದು ತುದಿ ಜಾರಿ ನೆಲಕ್ಕೆ ಬಿತ್ತು. ಸುಮಿತ್ರಾ ಬಗ್ಗಿ ಅದನ್ನು ಎತ್ತಿ, ಸಾಹೇಬರ ಕೊರಳ ಸುತ್ತ ಬಿಗಿಯಾಗಿ ಸುತ್ತಿದಳು.

ಇಬ್ಬರೂ ಬಸ್ ಸ್ಟಾಪಿಗೆ ನಡೆದರು. ಹಿಂದಿನಿಂದ ಕೊನೆಯ ಸೀಟಿ ಕೇಳಿತು, ಎದುರಾಳಿಗಳ ಕೇಕೆಯೂ ಕೇಳಿತು. ಗೋಪಿನಾಥ ಹಲ್ಲು ಕಚ್ಚಿದ.

“ಸೋತರು,” ಎಂದ. “ಖುಷಿಯಾಗಬೇಕಿತ್ತು ಕಣೇ. ದರಿದ್ರದ್ದು, ಅದೂ ಆಗ್ತಿಲ್ಲ.”